ವೆಲ್ಷ್ ಶಾಲೆಯಿಂದ ಬಿಬಿಸಿಯ ಸೋಫಾದವರೆಗೆ

ಜೂನ್ ಬಂತೆಂದರೆ ನಿಮ್ಮ ಮನೆಯಲ್ಲೂ ಈ ಮಾತು ಏಳುತ್ತದೆ. 'ಮಗುವನ್ನು ಕನ್ನಡ ಶಾಲೆಗೆ ಹಾಕಿದ್ದೀರಲ್ಲ, ಮುಂದೇನು ಗತಿ?' ಹೀಗೆ ಕೇಳುವವರು ಹೊರಗಿನವರಲ್ಲ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತ ನಮ್ಮ ನೆಂಟರೇ. ಸುತ್ತಲಿನ ರಾಜ್ಯಭಾಷೆ ಬೇರೆ, ಅದರ ಮೇಲೆ ಇಂಗ್ಲಿಷ್. ಇದೇ ಪ್ರಶ್ನೆಯನ್ನು ತಲೆಮಾರುಗಳಿಂದ ಕೇಳಿಸಿಕೊಂಡು ಬಂದವರು ಬ್ರಿಟನ್ನಿನ ವೇಲ್ಸ್ ನಾಡಿನ ತಂದೆತಾಯಿಗಳು. ಅಲ್ಲಿನ ಒಬ್ಬ ಹೆಣ್ಣುಮಗಳ ಬಗ್ಗೆ ಇಂದು ನಿಮಗೆ ಹೇಳಬೇಕಿದೆ.

ಆಕೆಯ ಹೆಸರು ಅಲೆಕ್ಸ್ ಜೋನ್ಸ್. ಬಿಬಿಸಿ ಒನ್ ವಾಹಿನಿಯಲ್ಲಿ ಸಂಜೆ ಹೊತ್ತು ನೇರ ಪ್ರಸಾರವಾಗುವ 'ದ ಒನ್ ಶೋ' ಕಾರ್ಯಕ್ರಮದ ನಿರೂಪಕಿಯಾಗಿ 2010ರ ಆಗಸ್ಟ್‌ನಲ್ಲಿ ಬಂದವರು. ಒಂದು ದಿನ ಆ ಸೋಫಾದ ಮೇಲೆ ಸಿನಿಮಾ ನಟ, ಇನ್ನೊಂದು ದಿನ ರಾಜಕಾರಣಿ, ನಡುವೆ ಯಾವುದೋ ಹಳ್ಳಿಯ ಸಮಾಚಾರ. ನೇರ ಪ್ರಸಾರದಲ್ಲಿ ಬಾಯಿ ತಪ್ಪಿದರೆ ತಿದ್ದಿಕೊಳ್ಳಲು ಸಮಯವಿಲ್ಲ. ಅದೂ ಇಡೀ ದೇಶದ ಮುಂದೆ, ಇಂಗ್ಲಿಷಿನಲ್ಲಿ. ಆದರೆ ಇಂಗ್ಲಿಷ್ ಆಕೆಯ ಮೊದಲ ಭಾಷೆಯಲ್ಲ.

ಅಲೆಕ್ಸ್ ಹುಟ್ಟಿದ್ದು 1977ರಲ್ಲಿ, ಪಶ್ಚಿಮ ವೇಲ್ಸಿನ ಅಮನ್‌ಫರ್ಡ್‌ನಲ್ಲಿ. ಕಲ್ಲಿದ್ದಲ ಗಣಿಗಳಿಂದ ಬೆಳೆದ ಪಟ್ಟಣ ಅದು. ವೆಲ್ಷ್ ಆಡುಮಾತಾಗಿ ಉಳಿದಿದ್ದ ಸೀಮೆ. ಆಕೆ ಬೆಳೆದದ್ದೂ ಶಾಲೆ ಕಲಿತದ್ದೂ ವೆಲ್ಷ್ ಭಾಷೆಯಲ್ಲೇ. ಆಮೇಲೆ ಅಬರಿಸ್ಟ್ವಿತ್ ವಿಶ್ವವಿದ್ಯಾಲಯದಲ್ಲಿ ನಾಟಕ, ಸಿನಿಮಾ ಮತ್ತು ಟಿವಿಯ ಓದು. ಓದು ಮುಗಿದ ಮೇಲೆ ಟಿವಿಯಲ್ಲಿ ಸಿಕ್ಕಿದ್ದು ಪರದೆಯ ಹಿಂದಿನ ಕೆಲಸ: ಬೇರೆಯವರ ಕಾರ್ಯಕ್ರಮಕ್ಕೆ ಮಾಹಿತಿ ಹುಡುಕಿ ಕೊಡುವುದು.

ಅಲ್ಲಿಂದ ಮುಂದಿನ ವರ್ಷಗಳೇ ನೀವು ಗಮನಿಸಬೇಕಾದವು. ವೆಲ್ಷ್ ಭಾಷೆಯ ಟಿವಿ ವಾಹಿನಿ ಎಸ್‌ಫೋರ್‌ಸಿಯಲ್ಲಿ ಆಕೆ ನಿರೂಪಕಿಯಾದರು. 'ಪ್ಲಾನೆಡ್ ಪ್ಲಾಂಟ್' ಎಂಬ ಮಕ್ಕಳ ಕಾರ್ಯಕ್ರಮ (ವೆಲ್ಷ್‌ನಲ್ಲಿ ಪ್ಲಾಂಟ್ ಎಂದರೆ ಗಿಡವಲ್ಲ, ಮಕ್ಕಳು), ಇನ್ನೊಂದೆಡೆ 'ಕಾನ್ ಇ ಗಮ್ರಿ' ಎಂಬ ವರ್ಷಕ್ಕೊಮ್ಮೆ ನಡೆಯುವ ಹಾಡಿನ ಸ್ಪರ್ಧೆ. ಮಕ್ಕಳನ್ನು ನಗಿಸುವುದು ಒಂದು ವಿದ್ಯೆ, ಸ್ಪರ್ಧೆಯ ವೇದಿಕೆ ನಿಭಾಯಿಸುವುದು ಮತ್ತೊಂದು. ದೊಡ್ಡ ವಾಹಿನಿಯ ಬಾಗಿಲಲ್ಲಿ ಸರದಿ ಕಾಯುತ್ತಿದ್ದರೆ ಇಷ್ಟೆಲ್ಲ ಕೆಲಸ ಕೈಗೆ ಬರುತ್ತಿತ್ತೇ? ನನಗಂತೂ ಅನುಮಾನ. ಬಿಬಿಸಿಗೆ ಹೋದಾಗ ಲಂಡನ್ನಿನ ಪತ್ರಿಕೆಗಳಿಗೆ ಆಕೆ ಹೊಸ ಮುಖ. ವೇಲ್ಸಿನ ಮನೆಗಳಿಗೆ ಹಳೆಯ ಪರಿಚಯ.

ಆ ವಾಹಿನಿ ಮಾತ್ರ ತಾನಾಗಿ ಬಂದದ್ದಲ್ಲ. 19ನೇ ಶತಮಾನದಲ್ಲಿ ವೇಲ್ಸಿನ ಕೆಲವು ಶಾಲೆಗಳಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. 1939ರಲ್ಲಿ, ಅಲೆಕ್ಸ್ ಮುಂದೆ ಓದಿದ ಅದೇ ಅಬರಿಸ್ಟ್ವಿತ್‌ನಲ್ಲಿ, ಇವಾನ್ ಅಬ್ ಒವೆನ್ ಎಡ್ವರ್ಡ್ಸ್ ಎಂಬುವರು ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ತೆರೆದರು. ಮಕ್ಕಳು ಎಷ್ಟು ಗೊತ್ತೇ? ಏಳು. ನಿಮ್ಮೂರಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂದು ಯಾರಾದರೂ ಮೂಗು ಮುರಿದರೆ ಈ ಏಳು ನೆನಪಿರಲಿ. ಪ್ರೌಢಶಾಲೆಗಳು ಬರಲು 1956ರವರೆಗೆ ಕಾಯಬೇಕಾಯಿತು.

ಟಿವಿ ವಾಹಿನಿಯ ವಿಷಯದಲ್ಲೂ ಇದೇ ಕಥೆ. ಕೊಡುತ್ತೇವೆಂದು ಹೇಳಿದ್ದ ಥ್ಯಾಚರ್ ಸರ್ಕಾರ ಮಾತು ಬದಲಿಸಿತು. ವೇಲ್ಸಿನ ನಾಯಕ ಗ್ವಿನ್‌ವರ್ ಇವಾನ್ಸ್ 1980ರಲ್ಲಿ ಆಮರಣ ಉಪವಾಸ ಕೂರುತ್ತೇನೆಂದು ಘೋಷಿಸಿದರು. ಟಿವಿ ಲೈಸೆನ್ಸ್ ಹಣ ಕಟ್ಟುವುದಿಲ್ಲವೆಂದು ಜನ ಹಟ ಹಿಡಿದರು. ಉಪವಾಸ ಶುರುವಾಗುವ ಮೊದಲೇ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಪ್ರಸಾರ ಆರಂಭಿಸಿದಾಗ ಅಲೆಕ್ಸ್ ಐದು ವರ್ಷದ ಹುಡುಗಿ. ತನ್ನ ಮುಂದಿನ ಅನ್ನಕ್ಕೆ ಹಿರಿಯರು ಒಲೆ ಹೊತ್ತಿಸುತ್ತಿದ್ದಾರೆಂದು ಆ ಮಗುವಿಗೆ ಹೇಗೆ ತಿಳಿಯಬೇಕು!

ಬಿಬಿಸಿಗೆ ಬಂದ ಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. 2011ರಲ್ಲಿ 'ಸ್ಟ್ರಿಕ್ಟ್‌ಲಿ ಕಮ್ ಡಾನ್ಸಿಂಗ್' ಸ್ಪರ್ಧೆಯಲ್ಲಿ ವಾರಗಟ್ಟಲೆ ಕುಣಿದರು. 2014ರಲ್ಲಿ ಸ್ಪೋರ್ಟ್ ರಿಲೀಫ್ ಎಂಬ ದಾನನಿಧಿಗಾಗಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸಾವಿರ ಅಡಿಗೂ ಮಿಗಿಲಾದ ನೆಟ್ಟನೆಯ ಬಂಡೆ ಹತ್ತಿದರು. ಅದೇ ವರ್ಷ 'ಟಂಬಲ್' ಎಂಬ ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ನಿರೂಪಕಿ. ಮನೆಖರ್ಚು ಉಳಿಸುವುದನ್ನು ಕಲಿಸುವ ಕಾರ್ಯಕ್ರಮವನ್ನೂ ನಡೆಸಿದರು. ತಾಯಿಯಾದ ಮೇಲೆ ಆ ಅನುಭವದ ಬಗ್ಗೆ ಪುಸ್ತಕವನ್ನೂ ಬರೆದರು.

ಹಾಗೆಂದು ವೆಲ್ಷ್ ಮಾಧ್ಯಮದಲ್ಲಿ ಓದಿದವರೆಲ್ಲ ಟಿವಿಗೆ ಬಂದರೆಂದು ನಾನು ಹೇಳಲಾರೆ. ಒಬ್ಬರ ಯಶಸ್ಸು ತೋರಿಸಿ ನಿಮ್ಮನ್ನು ಸಮಾಧಾನಪಡಿಸುವುದು ಸುಲಭ, ಸರಿಯಲ್ಲ. 2021ರ ಜನಗಣತಿಯ ಪ್ರಕಾರ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ ಹದಿನೆಂಟಕ್ಕೂ ಕಡಿಮೆ. ಹತ್ತು ವರ್ಷ ಹಿಂದಿನ ಲೆಕ್ಕಕ್ಕಿಂತ ಇಳಿಕೆಯೇ. ಇನ್ನೊಂದನ್ನೂ ಮರೆಯಬಾರದು. ಅಲ್ಲಿ ವೆಲ್ಷ್ ಶಾಲೆಗೆ ಹೋಗುವ ಮಗು ಇಂಗ್ಲಿಷನ್ನು ಬಿಡುವುದಿಲ್ಲ. ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇರುತ್ತದೆ, ಮಗು ಎರಡೂ ಭಾಷೆ ಬಲ್ಲವನಾಗಿ ಹೊರಬರುತ್ತದೆ. ನಿಮ್ಮ ಮಗುವಿನ ಶಾಲೆಯಲ್ಲಿ ಇಂಗ್ಲಿಷನ್ನೂ ರಾಜ್ಯಭಾಷೆಯನ್ನೂ ಹೇಗೆ ಕಲಿಸುತ್ತಿದ್ದಾರೆಂದು ಮುಂದಿನ ಪಾಲಕರ ಸಭೆಯಲ್ಲಿ ಬಿಡದೆ ಕೇಳಿ.

ಈಗ ಅಲ್ಲಿನ ವೆಲ್ಷ್ ಶಾಲೆಗಳ ಬಾಗಿಲಲ್ಲಿ ಬೆಳಗ್ಗೆ ಮಕ್ಕಳನ್ನು ಬಿಟ್ಟುಹೋಗುವ ತಂದೆತಾಯಿಗಳಲ್ಲಿ ಬಹಳ ಮಂದಿಗೆ ವೆಲ್ಷ್ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಆಡುವವರೇ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದಾರೆ.