ಅಂಗಳದ ಮರಕ್ಕೂ ಡಾಕ್ಟರ್ ಬೇಕು

ಅತ್ತೆಯವರು ನೆಟ್ಟ ಅಪ್ಪೆಮಿಡಿ ಮರ. ಎಷ್ಟೋ ವರ್ಷ ಭರಣಿ ತುಂಬ ಮಿಡಿ ಉಪ್ಪಿನಕಾಯಿ ಕೊಟ್ಟಿದೆ. ಈ ಸಲ ನೋಡಿದರೆ ಒಂದು ಬದಿಯ ಟೊಂಗೆಗಳೆಲ್ಲ ಒಣಗಿವೆ, ಬುಡದಲ್ಲಿ ಮರದ ಹಿಟ್ಟು ಉದುರಿದೆ. ‘ಮಳೆಗಾಲದಲ್ಲಿ ಹಂಚಿನ ಮೇಲೆ ಬಿದ್ದರೆ ಏನ್ಮಾಡೋದು? ಕಡಿಸಿಬಿಡೋಣ’ ಅಂತಾರೆ ಮನೆಯವರು. ನಿಮಗೋ ಮನಸ್ಸೇ ಬರೋದಿಲ್ಲ. ಯಲ್ಲಾಪುರದ ಪೇಟೆ ಮನೆಯಾಗಲಿ, ಹುಬ್ಬಳ್ಳಿಯ ಬಡಾವಣೆಯಾಗಲಿ, ಹಳೆಯ ಮರವಿದ್ದಲ್ಲಿ ಈ ಮಾತು ಇದ್ದದ್ದೇ.

ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯವರು ಹೇಳಿದ ಗುಳಿಗೆ ಕೊಡ್ತೀರಾ? ಇಲ್ಲ ತಾನೆ! ಮರದ ವಿಷಯದಲ್ಲೂ ಹಾಗೇ. ಕಡಿಸುವ ಮುನ್ನ ತಿಳಿದವರನ್ನು ಒಮ್ಮೆ ಕೇಳಿ.

ಮೊದಲು ನೀವೇ ನೋಡಿ

* ಕಾಂಡದಲ್ಲಿ ತೂತು, ಅದರಿಂದ ಹಿಟ್ಟು ಬರುತ್ತಿದ್ದರೆ ಅದು ಕಾಂಡಕೊರಕ ಹುಳುವಿನ ಕೆಲಸ. ಮರಿಹುಳು ತಿಂಗಳುಗಟ್ಟಲೆ ಒಳಗೇ ಕೂತು ಮರ ತಿನ್ನುತ್ತದೆ. ಬೇಗ ಗೊತ್ತಾದರೆ ತಂತಿ ಹಾಕಿ ತೆಗೆಯಬಹುದು.

* ಮಾವಿನ ಟೊಂಗೆಯಲ್ಲಿ ಬೇರೆ ಜಾತಿಯ ಎಲೆ ದಟ್ಟವಾಗಿ ಬೆಳೆದಿದೆಯೇ? ಅದು ಬಂದಳಿಕೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿಕೊಂಡ ಜಾಗದಿಂದ ಕೆಳಗೆ ಟೊಂಗೆಯನ್ನೇ ಕತ್ತರಿಸಬೇಕು.

* ಬುಡದಲ್ಲಿ ಅಣಬೆ ಎದ್ದಿದ್ದರೆ ಬೇರೋ ಬುಡವೋ ಕೊಳೆಯುತ್ತಿರಬಹುದು. ಎಲೆ ಹಸಿರಾಗೇ ಇದ್ದರೂ ಇಂಥ ಮರ ಗಾಳಿಗೆ ಬೀಳಬಹುದು. ಇದಕ್ಕೆ ಮಾತ್ರ ತಡಮಾಡಬೇಡಿ.

* ಎರಡು ಮೂರು ವರ್ಷದ ಈಚೆಗೆ ಅಂಗಳಕ್ಕೆ ಸಿಮೆಂಟ್ ಹಾಕಿಸಿದ್ದು, ಪೈಪಿಗೆ ಅಗೆಸಿದ್ದು, ಬುಡಕ್ಕೆ ಮಣ್ಣು ಏರಿಸಿದ್ದು ನೆನಪಿದೆಯೇ? ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ, ಅವಕ್ಕೂ ಗಾಳಿ ಬೇಕು. ಆಗ ಬಿದ್ದ ಪೆಟ್ಟು ಈಗ ಕಾಣಬಹುದು.

ಯಾರನ್ನು ಕೇಳೋದು?

ಮಾವು, ಹಲಸು, ತೆಂಗಿಗೆ ಮೊದಲ ಬಾಗಿಲು ತಾಲ್ಲೂಕಿನ ತೋಟಗಾರಿಕೆ ಇಲಾಖೆ. ಯಲ್ಲಾಪುರದವರಿಗೆ ಸುಮಾರು 50 ಕಿ.ಮೀ. ದೂರದ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಅರಣ್ಯ ಕಾಲೇಜೂ ಇದೆ. ಹುಬ್ಬಳ್ಳಿ-ಧಾರವಾಡದವರಿಗೆ ವಿಶ್ವವಿದ್ಯಾಲಯವೇ ಹತ್ತಿರ. ಬೆಂಗಳೂರಿನವರು ಜಿಕೆವಿಕೆ ಅಥವಾ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು. ಮನೆ ಬಿಟ್ಟು ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬರಿಗೈಲಿ ಹೋಗಬೇಡಿ. ಇಡೀ ಮರ, ಬುಡ ಮತ್ತು ರೋಗ ಬಂದ ಜಾಗದ ಫೋಟೋ ಮೊಬೈಲಿನಲ್ಲಿರಲಿ. ರೋಗದ ಎಲೆ, ಆರೋಗ್ಯದ ಎಲೆ ಎರಡನ್ನೂ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುತ್ತವೆ. ಮರದ ವಯಸ್ಸು, ಯಾವಾಗಿನಿಂದ ಒಣಗುತ್ತಿದೆ, ಏನೇನು ಔಷಧಿ ಹಾಕಿದ್ದೀರಿ, ಎಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇವು ಬೇಡ

ತೂತಿಗೆ ಡೈಕ್ಲೋರ್ವಾಸ್ ಸುರಿಯುವ ಹಳೇ ರೂಢಿ ಕೆಲವೆಡೆ ಇತ್ತು. 2020ರ ಕೊನೆಯಿಂದ ಅದು ದೇಶದಲ್ಲಿ ನಿಷಿದ್ಧ. ಅಟ್ಟದ ಮೇಲೆ ಹಳೆಯ ಬಾಟಲಿ ಇದ್ದರೂ ಮುಟ್ಟಬೇಡಿ. ಪೊಟರೆಗೆ ಸಿಮೆಂಟ್ ತುಂಬಿಸುವುದೂ ಬೇಡ, ಒಳಗೆ ನೀರು ನಿಂತು ಕೊಳೆತ ಹೆಚ್ಚುತ್ತದೆ. ಕೊನೆಗೌಡರು ಮರ ಹತ್ತುವುದರಲ್ಲಿ ನಿಪುಣರು, ನಿಜ. ಹಾಗಂತ ‘ಹ್ಯಾಗೂ ಹತ್ತಿದ್ದೀಯಲ್ಲ’ ಎಂದು ಮರವನ್ನು ಬೋಳು ಮಾಡಿಸಬೇಡಿ. ಯಾವ ಟೊಂಗೆ, ಎಲ್ಲಿಗೆ ಕತ್ತರಿಸಬೇಕು ಎಂದು ತಜ್ಞರನ್ನು ಕೇಳಿಯೇ ಕೆಲಸ ಹಚ್ಚಿ. ಕರೆಂಟ್ ತಂತಿ ಹತ್ತಿರವಿದ್ದರೆ ಹೆಸ್ಕಾಂಗೆ ತಿಳಿಸದೆ ಕತ್ತಿ ಎತ್ತಿಸಲೇಬೇಡಿ.

ಕಡಿಯಲೇಬೇಕು ಎಂದರೆ?

ನಮ್ಮ ಅಂಗಳದ ಮರ, ಯಾರನ್ನು ಕೇಳಬೇಕು ಅನ್ನಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಅದರಲ್ಲಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಅಪ್ಪೆಮಿಡಿಯಲ್ಲಿ ಒಂದೊಂದು ಮರದ ಪರಿಮಳ ಒಂದೊಂದು ಥರ. ವಾಟೆ ಹಾಕಿ ಬೆಳೆಸಿದರೆ ಅದೇ ರುಚಿ ಬರುವ ಖಾತ್ರಿಯಿಲ್ಲ, ಕಸಿ ಕಟ್ಟಿದರೆ ಬರುತ್ತದೆ. ಮರದಲ್ಲಿ ಚೆನ್ನಾಗಿರುವ ಕಡ್ಡಿ ಇನ್ನೂ ಇರುವಾಗಲೇ ಕಸಿ ಬಲ್ಲವರನ್ನು ಕರೆಸಿ ನಾಲ್ಕು ಗಿಡ ಮಾಡಿಸಿಟ್ಟುಕೊಳ್ಳಿ. ಮರ ಉಳಿದರೆ ಸಂತೋಷ. ಉಳಿಯದಿದ್ದರೂ ಅತ್ತೆಯವರ ಕೈರುಚಿಯ ಆ ಭರಣಿ ನಿಮ್ಮ ಸೊಸೆಯ ಕಾಲಕ್ಕೂ ಬರಿದಾಗದು!