ಕಡಲು ನೋಡುವ ಕಲ್ಲು: ಬ್ರಿಟನಿಯ ‘ವಿಧವೆಯರ ಶಿಲುಬೆ’ ಮತ್ತು ಜನ ಇಟ್ಟ ಹೆಸರು

ಇವತ್ತು ನಾನು ಆರಿಸಿಕೊಂಡಿರುವುದು ನಮ್ಮ ಗಡಿನಾಡಿನ ಕಲ್ಲಲ್ಲ. ಫ್ರಾನ್ಸಿನ ಪಶ್ಚಿಮಕ್ಕಿರುವ ಬ್ರಿಟನಿ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ ಪ್ಲೂಬಾಜ್ಲನೆಕ್ ಅಂತ ಒಂದು ಊರು. ಅಲ್ಲಿನ ದಿಬ್ಬದ ಮೇಲೆ ದಾರಿಬದಿಯ ಒಂದು ಗ್ರಾನೈಟ್ ಶಿಲುಬೆ ಇದೆ. ಎದುರಿಗೆ ಬ್ರೆಯಾ ದ್ವೀಪ, ಅದರಾಚೆ ತೆರೆದ ಕಡಲು. ಜನ ಅದನ್ನು ‘ವಿಧವೆಯರ ಶಿಲುಬೆ’ ಎನ್ನುತ್ತಾರೆ. ಸ್ಥಳನಾಮಗಳ ಬಗ್ಗೆ ಕೆಲಸ ಮಾಡುವ ನಮಗೆ ಇದು ಯಾಕೆ ಬೇಕು? ಕಲ್ಲಿನ ಅರ್ಥ ಕೆತ್ತಿದ ಬರಹದಲ್ಲಷ್ಟೇ ಇರೋದಿಲ್ಲ, ಜನರ ಬಾಯಲ್ಲಿ ಉಳಿದ ಹೆಸರಿನಲ್ಲೂ ಇರುತ್ತದೆ ಅನ್ನೋದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಮೊದಲು ಹಿನ್ನೆಲೆ. ನಮ್ಮ ಕರಾವಳಿಗೆ ಮುರಕಲ್ಲು ಹೇಗೋ ಬ್ರಿಟನಿಗೆ ಗ್ರಾನೈಟ್ ಹಾಗೆ. ಮನೆ, ಚರ್ಚು, ಶಿಲುಬೆ ಎಲ್ಲಕ್ಕೂ ಅದೇ. ದಾರಿಬದಿಯ ಶಿಲುಬೆಗಳು ಅಲ್ಲಿ ಸಾವಿರಾರು ಇವೆ. ದಾರಿಗಳು ಕೂಡುವ ಜಾಗಕ್ಕೆ ಬ್ರೆಟನ್ ಭಾಷೆಯಲ್ಲಿರುವ ಪದವೇ ‘ಕ್ರೋಅಜ್-ಹೆಂಟ್’, ಅಂದ್ರೆ ಶಿಲುಬೆ ಮತ್ತು ದಾರಿ. ಊರ ಹೆಸರಿನ ಮೊದಲಿಗಿರುವ ‘ಪ್ಲೂ’ ಅಂದ್ರೆ ಒಂದು ಚರ್ಚಿಗೆ ಸೇರಿದ ಊರು. ಹೀಗೆ ನೆಲದ ಗುರುತುಗಳೆಲ್ಲ ಅಲ್ಲಿನ ಭಾಷೆಯಲ್ಲೇ ಹೆಣೆದುಕೊಂಡಿವೆ.

ಇಂಥ ಸಾವಿರಾರು ಶಿಲುಬೆಗಳಲ್ಲಿ ಇದೊಂದಕ್ಕೆ ವಿಧವೆಯರ ಹೆಸರು ಬಂದದ್ದು ಹೇಗೆ? ಪಕ್ಕದ ಪ್ಯಾಂಪೋಲ್ ಬಂದರಿನಿಂದ 1852ರಿಂದ 1935ರವರೆಗೆ ಹಾಯಿಹಡಗುಗಳು ಕಾಡ್ ಮೀನಿಗಾಗಿ ಐಸ್‌ಲ್ಯಾಂಡಿನ ಕಡಲಿಗೆ ಹೋಗುತ್ತಿದ್ದವು. ಫೆಬ್ರವರಿ ಹೊತ್ತಿಗೆ ಹೊರಟರೆ ಮರಳೋದು ಬೇಸಿಗೆ ಮುಗಿಯುವಾಗ. ಹಡಗಿನಿಂದ ಸುದ್ದಿ ಕಳಿಸಲು ತಂತಿಯಿಲ್ಲ, ರೇಡಿಯೋ ಇಲ್ಲ. ಆ ಎಂಬತ್ತು ಚಿಲ್ಲರೆ ವರ್ಷಗಳಲ್ಲಿ ಸುಮಾರು 120 ಹಡಗುಗಳು, ಸುಮಾರು 2,000 ಜನ ವಾಪಸು ಬರಲಿಲ್ಲ. ಇಡೀ ಹಡಗೇ ಮುಳುಗಿದರೆ ಹೇಳುವವರೂ ಉಳಿಯೋದಿಲ್ಲ. ಆದ್ದರಿಂದ ಮನೆಯವರಿಗೆ ಸಾವಿನ ಸುದ್ದಿ ಒಂದು ದಿನ ಬಂದು ಮುಟ್ಟುತ್ತಿರಲಿಲ್ಲ. ಬೇರೆ ಹಡಗುಗಳೆಲ್ಲ ಬಂದವು, ಇದೊಂದು ಬರಲಿಲ್ಲ, ಅಷ್ಟೇ ಗೊತ್ತಾಗುತ್ತಿದ್ದದ್ದು. ಹೆಂಗಸರು ಈ ದಿಬ್ಬಕ್ಕೆ ಬಂದು ಹಾಯಿ ಕಾಣುತ್ತದೋ ಅಂತ ನೋಡುತ್ತಿದ್ದರು. ಪಿಯೆರ್ ಲೋಟಿಯ ‘ಐಸ್‌ಲ್ಯಾಂಡಿನ ಮೀನುಗಾರ’ ಕಾದಂಬರಿಯಲ್ಲಿ (1886) ನಾಯಕಿ ಗೋಡ್ ತನ್ನ ಗಂಡನಿಗಾಗಿ ಕಾಯುವುದೂ ಈ ಶಿಲುಬೆಯ ಬಳಿಯೇ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಅಲ್ಲಿ ಕಾಯುತ್ತಾ ನಿಂತವಳು ತನ್ನ ಲೆಕ್ಕದಲ್ಲಿ ಇನ್ನೂ ಮುತ್ತೈದೆ. ‘ವಿಧವೆ’ ಅನ್ನೋ ಮಾತು ಅವಳದ್ದಲ್ಲ, ಆಮೇಲೆ ಏನಾಯಿತು ಅಂತ ತಿಳಿದ ಊರಿನವರದ್ದು. ಕಾದ ಕಾಲವೂ ಕಾದು ಸೋತ ಕಾಲವೂ ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ.

ಅದೇ ಊರಿನ ಸ್ಮಶಾನದಲ್ಲಿ ‘ಕಡಲಲ್ಲಿ ಕಾಣೆಯಾದವರ ಗೋಡೆ’ ಇದೆ. ಹಡಗುಗಳ ಹೆಸರು, ಗಂಡಸರ ಹೆಸರು ಫಲಕಗಳಲ್ಲಿವೆ. ಹೊಸೂರು ಕಡೆಯ ನಮ್ಮ ವೀರಗಲ್ಲುಗಳ ಹಾಗೆಯೇ ಅದು ಸತ್ತವರ ದಾಖಲೆ. ಆದರೆ ಕಾದವರು ಆ ಗೋಡೆಯಲ್ಲಿಲ್ಲ. ಅವರು ಉಳಿದಿರೋದು ದಿಬ್ಬದ ಮೇಲಿನ ಕಲ್ಲಿನ ಹೆಸರಿನಲ್ಲಿ ಮಾತ್ರ, ಅದೂ ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ.

ಹಾಗಾಗಿ ನನ್ನ ವಿನಂತಿ ಇಷ್ಟು. ಬ್ರೆಟನ್ ಮಾತಾಡುವವರು ಇಪ್ಪತ್ತನೇ ಶತಮಾನದಲ್ಲಿ ತೀರಾ ಕಡಿಮೆಯಾದರು. ಮಕ್ಕಳಿಗೆ ಭಾಷೆ ದಾಟದಿದ್ದಾಗ ಬಂಡೆ, ತಿರುವು, ದಿಬ್ಬಗಳ ಚಿಕ್ಕ ಚಿಕ್ಕ ಹೆಸರುಗಳೂ ದಾಟೋದಿಲ್ಲ. ಕಾಸರಗೋಡಿನಲ್ಲೋ ತಾಳವಾಡಿಯಲ್ಲೋ ಕ್ಷೇತ್ರಕಾರ್ಯಕ್ಕೆ ಹೋದಾಗ ಶಾಸನದ ಅಚ್ಚು ತೆಗೆದು ಎದ್ದು ಬರಬೇಡಿ. ಈ ಕಲ್ಲಿಗೆ ನೀವು ಏನಂತೀರಿ, ಇಲ್ಲಿ ಯಾರು ಬಂದು ನಿಲ್ಲುತ್ತಿದ್ದರು ಅಂತ ಆ ಊರಿನ ಅಜ್ಜಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ.