ಚಿಟ್ಟುಕೋಳಿಯ ಗುರುತು

ಮಧೂರಿನ ದೇಗುಲದ ಮಗ್ಗುಲಲ್ಲಿ ಹರಿಯುವ ಮಧುವಾಹಿನಿಯ ದಡವನ್ನು ಬಿಟ್ಟು, ಅಡಕೆಯ ತೋಟಗಳನ್ನೂ ಮುರಕಲ್ಲಿನ ಗುಡ್ಡೆಗಳನ್ನೂ ದಾಟಿ, ಮೂಡಣದ ಕಾರಡ್ಕದ ಕಾಡು ಮತ್ತು ರಾಣಿಪುರದ ಘಟ್ಟಗಳತ್ತ ಸಾಗಿದಂತೆಲ್ಲ ನೆಲವು ದಟ್ಟವಾದ ಪೊದೆಗಳಿಂದಲೂ ತರಗೆಲೆಗಳಿಂದಲೂ ಆವೃತವಾಗುತ್ತದೆ. ಚಿಟ್ಟುಕೋಳಿಯ ವಾಸಸ್ಥಾನ ಅಂತಹ ನೆಲವೇ. ಕಣ್ಣಿಗೆ ಬೀಳುವುದಕ್ಕೆ ಮುಂಚೆ ಕಿವಿಗೆ ಬೀಳುವುದು ಈ ಹಕ್ಕಿಯ ಸ್ವಭಾವವಾದುದರಿಂದ, ಬೆಳಗಿನಲ್ಲಿ ಪೊದೆಯೊಳಗಿಂದ ಏರುತ್ತ ಬರುವ ಕರ್ಕಶವಾದ ಕೇಕೆಯೇ ಇದರ ಪ್ರಥಮ ಪರಿಚಯವೆನ್ನಬೇಕು.

ಗಾತ್ರದಲ್ಲಿ ಗೌಜಲಕ್ಕಿಗಿಂತ ಹಿರಿದೂ ಊರಕೋಳಿಗಿಂತ ಕಿರಿದೂ ಆದ, ಸುಮಾರು 36 ಸೆಂಟಿಮೀಟರು ಉದ್ದದ ಈ ಹಕ್ಕಿಗೆ ಜರ್ಮನಿಯ ಪ್ರಕೃತಿಶಾಸ್ತ್ರಜ್ಞ ಗ್ಮೆಲಿನ್ 1789ರಲ್ಲಿ ಶಾಸ್ತ್ರೀಯ ನಾಮವನ್ನಿತ್ತನು. ಇಂದು ಅದನ್ನು ಗ್ಯಾಲೊಪರ್ಡಿಕ್ಸ್ ಸ್ಪಾಡಿಸಿಯ ಎಂದು ಕರೆಯುತ್ತಾರೆ. ಹುಂಜದ ಮೈ ಕಗ್ಗೆಂಪು, ತಲೆ ಕತ್ತುಗಳು ಬೂದುಗಂದು. ಹೇಂಟೆಯ ಕಂದುಮೈಯ ಮೇಲೆ ಕಪ್ಪು ಗೆರೆಗಳು ದಟ್ಟವಾಗಿ ಹರಡಿರುತ್ತವೆ. ಕೇರಳದ ಘಟ್ಟಗಳಲ್ಲಿರುವ ತಳಿಯ ಕೆಂಪು ಇನ್ನೂ ಗಾಢವಾದುದು.

ಕಾಡುಕೋಳಿಯ ಹೇಂಟೆಯೊಡನೆ ಇದನ್ನು ಬೆರೆಸುವ ಸಂಭವವಿದೆ. ಹಾಗಾಗದಂತೆ ಮುಖವನ್ನೂ ಕಾಲನ್ನೂ ನೋಡಬೇಕು: ಚಿಟ್ಟುಕೋಳಿಯ ಗಂಡು ಹೆಣ್ಣುಗಳೆರಡಕ್ಕೂ ಕಣ್ಣಿನ ಸುತ್ತ ಗರಿಯಿಲ್ಲದ ಕೆಂಪು ಚರ್ಮ, ಕೆಂಪು ಕಾಲುಗಳು; ಕಾಡುಕೋಳಿಯ ಹೇಂಟೆಗಾದರೋ ಬಿಳುಪು ಎದೆಯ ಮೇಲೆ ಕಂದು ಅಂಚಿನ ಗರಿಗಳು, ಹಳದಿ ಕಾಲುಗಳು. ಗಂಡಿನ ಒಂದೊಂದು ಕಾಲಿನಲ್ಲೂ ಎರಡು, ಕೆಲವೊಮ್ಮೆ ಹೆಚ್ಚು ಮುಳ್ಳುಗಳಿರುವುದು ವಿಶೇಷ, ಹೆಣ್ಣಿಗೂ ಮುಳ್ಳುಂಟು. ಬಯಲುಸೀಮೆಯ ಬಂಡೆಗುಡ್ಡಗಳಲ್ಲಿರುವ ಇದರ ದಾಯಾದಿ, ಬಿಳಿ ಚುಕ್ಕೆಗಳ ಇನ್ನೊಂದು ಚಿಟ್ಟುಕೋಳಿಗೆ ಮುಖದಲ್ಲಿ ಈ ಕೆಂಪಿಲ್ಲ.

ಜೋಡಿಯಾಗಿಯೋ ಸಣ್ಣ ಗುಂಪಾಗಿಯೋ ತರಗೆಲೆಗಳನ್ನು ಕಾಲಿನಿಂದ ಕೆದರಿ ಬೀಜ, ಹಣ್ಣು, ಹುಳುಗಳನ್ನು ಹೆಕ್ಕುವ ಇವು, ಅಪಾಯವನ್ನು ಕಂಡೊಡನೆ ಹಾರುವ ಬದಲು ಓಡಿ ಮರೆಯಾಗುತ್ತವೆ; ಇರುಳಿಗೆ ಮಾತ್ರ ಮರವೇರುತ್ತವೆ. ಪೊದೆಯ ಬುಡದಲ್ಲಿ ನೆಲವನ್ನು ಕೆರೆದು ಮೂರರಿಂದ ಐದು ಮೊಟ್ಟೆಗಳನ್ನಿಡುತ್ತವೆ.

ಆಹಾರ, ಆಶ್ರಯ, ಸಂತಾನ ಈ ಮೂರೂ ನೆಲದ ಒಣ ಎಲೆಯನ್ನೂ ಪೊದೆಯನ್ನೂ ನೆಚ್ಚಿರುವುದರಿಂದ, ಹಟ್ಟಿಗೆ ಹಾಸಲೆಂದು ತರಗೆಲೆಯನ್ನು ಪೂರ್ತಿಯಾಗಿ ಗುಡಿಸಿ ತರುವಾಗಲೂ ಕಾಡಂಚನ್ನು ಸವರಿ ತೋಟವನ್ನು ಹಿಗ್ಗಿಸುವಾಗಲೂ ನಾವು ಕಸಿಯುವುದು ಇದರ ಮನೆಯನ್ನೇ. ಬೇಟೆಯನ್ನು ತಡೆಯಲು 1972ರ ವನ್ಯಜೀವಿ ಕಾಯ್ದೆಯಿದೆ. ಪೊದೆಯನ್ನು ಉಳಿಸುವ ಹೊಣೆ ಮಾತ್ರ ಗುಡ್ಡೆಯ ಬದಿಯಲ್ಲಿ ಬಾಳುವ ನಮ್ಮದೇ.